ದಾನಿಗಳ ಲೆಕ್ಕಕ್ಕೆ ಸರಳ ಪಠ್ಯದ ಖಾತಾವಹಿ

ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಅನೇಕರು ವಿದ್ಯಾಸಂಸ್ಥೆ, ವಿದ್ಯಾರ್ಥಿನಿಲಯ ಅಥವಾ ಧರ್ಮಾರ್ಥ ಟ್ರಸ್ಟ್‌ಗಳ ಖಜಾಂಚಿಗಳೂ ಆಗಿರುತ್ತಾರೆ. ಅಂಗಡಿಯ ಲೆಕ್ಕವನ್ನು ಪೈಸೆ ಬಿಡದೆ ಬರೆಯುವವರೇ ಟ್ರಸ್ಟಿನ ಲೆಕ್ಕವನ್ನು ರಶೀದಿ ಪುಸ್ತಕಕ್ಕಷ್ಟೇ ಬಿಟ್ಟಿರುವುದುಂಟು. ಈ ಅಲಕ್ಷ್ಯ ಇಂದು ದುಬಾರಿಯಾದುದು.

1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಡಿ ಮಾನ್ಯತೆ ಪಡೆದ ಸಂಸ್ಥೆಗಳು ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಇತರ ಗುರುತಿನ ಸಂಖ್ಯೆ, ದೇಣಿಗೆಯ ಬಗೆ, ಪಾವತಿಯ ವಿಧಾನ, ಮೊತ್ತ ಇವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸುವ ಕ್ರಮವು 2021-22ರ ದೇಣಿಗೆಗಳಿಂದ ಜಾರಿಗೆ ಬಂದಿತು. ವಿಳಂಬಕ್ಕೆ ದಿನವೊಂದಕ್ಕೆ 200 ರೂಪಾಯಿ ಶುಲ್ಕ ನಿಗದಿಯಾಯಿತು. ದಾನಿಗೆ ನೀಡುವ 10ಬಿಇ ಪ್ರಮಾಣಪತ್ರವು ಈ ವಿವರಪಟ್ಟಿಯಿಂದಲೇ ಸಿದ್ಧವಾಗುವುದರಿಂದ ಪ್ಯಾನ್ ತಪ್ಪಾದರೆ ದಾನಿಯ ತೆರಿಗೆ ವಿನಾಯಿತಿಗೇ ಕುತ್ತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯೇ ಹೊರತು ದಾಖಲೆಯ ಅಗತ್ಯ ಬದಲಾಗಿಲ್ಲ.

ಇಂತಹ ದಾಖಲೆಗೆ ಸರಳ ಪಠ್ಯ ಲೆಕ್ಕಪದ್ಧತಿಯು ಮಿತವ್ಯಯದ ಸಾಧನ. ಜಾನ್ ವೀಗ್ಲಿ 2003ರಲ್ಲಿ ಆರಂಭಿಸಿದ ಲೆಡ್ಜರ್, ಸೈಮನ್ ಮೈಕೇಲ್ 2007ರಲ್ಲಿ ಆರಂಭಿಸಿದ ಎಚ್‌ಲೆಡ್ಜರ್ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ನಮೂದುಗಳನ್ನು ಸಾಮಾನ್ಯ ಪಠ್ಯ ಕಡತದಲ್ಲಿ ಹೀಗೆ ಬರೆಯಲಾಗುತ್ತದೆ:

2025-08-14 ರಶೀದಿ 118, ದಾನಿ: ದಾ-042
    ಆಸ್ತಿ:ಬ್ಯಾಂಕ್    25000
    ಆದಾಯ:ದೇಣಿಗೆ:ವಿದ್ಯಾರ್ಥಿವೇತನ    -25000

ಇದು ಹಳೆಯ ಜಮಾ-ಖರ್ಚಿನ ಜೋಡಿ ನಮೂದೇ. ಋಣ ಚಿಹ್ನೆಯು ಜಮಾ ಬದಿಯನ್ನು ಸೂಚಿಸುತ್ತದೆ. ಎರಡೂ ಬದಿ ಕೂಡಿ ಸೊನ್ನೆಯಾಗದಿದ್ದರೆ ತಂತ್ರಾಂಶವು ನಮೂದನ್ನು ಒಪ್ಪುವುದಿಲ್ಲ. ದಾನಿಯ ಸಂಖ್ಯೆಯನ್ನು ಆಧರಿಸಿ, ಯಾರು ವರ್ಷದಲ್ಲಿ ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಒಂದೇ ಆಜ್ಞೆಯಲ್ಲಿ ಪಡೆಯಬಹುದು. ಮೂಲನಿಧಿಗೆ ಬಂದ ದೇಣಿಗೆಗೆ ಪ್ರತ್ಯೇಕ ಖಾತೆ ಇರಬೇಕು. ನಗದಿಗೂ ಬೇರೆ ಖಾತೆ ಅವಶ್ಯ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ ವಿನಾಯಿತಿ ದೊರೆಯದು. ವಾಗ್ದಾನವನ್ನು ಹಣ ಕೈಸೇರುವವರೆಗೆ ದೇಣಿಗೆಯ ಖಾತೆಗೆ ಸೇರಿಸಬಾರದು.

ಎಚ್ಚರಿಕೆಗಳೂ ಇವೆ. ಪಠ್ಯ ಕಡತವನ್ನು ಯಾರು ಬೇಕಾದರೂ ಸುಳಿವಿಲ್ಲದೆ ತಿದ್ದಬಹುದು. ಆದ್ದರಿಂದ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಂತಹ ವ್ಯವಸ್ಥೆಯನ್ನು ಬಳಸಿ, ತಿಂಗಳ ತಾಳೆಪಟ್ಟಿಯನ್ನು ಮುದ್ರಿಸಿ ಇಬ್ಬರು ಟ್ರಸ್ಟಿಗಳ ಸಹಿ ಪಡೆಯುವುದು ಕ್ಷೇಮ. ಪ್ಯಾನ್ ಮತ್ತು ವಿಳಾಸಗಳನ್ನು ಬೇರೆ ಕಡತದಲ್ಲಿ ಗೋಪ್ಯವಾಗಿಟ್ಟು, ಖಾತಾವಹಿಯಲ್ಲಿ ದಾನಿಯ ಸಂಖ್ಯೆಯನ್ನಷ್ಟೇ ಬರೆಯಬೇಕು. ತಿಂಗಳಿಗೊಮ್ಮೆ ಬ್ಯಾಂಕ್ ಪಾಸ್‌ಬುಕ್ ಮತ್ತು ರಶೀದಿ ಪುಸ್ತಕದೊಡನೆ ತಾಳೆ ನೋಡುವ ಕೆಲಸವನ್ನು ಯಾವ ತಂತ್ರಾಂಶವೂ ತಪ್ಪಿಸಲಾರದು.

ಖಜಾಂಚಿ ಬದಲಾದರೂ ಕಡತ ಉಳಿಯುತ್ತದೆ; ಅದನ್ನು ಓದಲು ವಿಶೇಷ ತಂತ್ರಾಂಶವೂ ಬೇಕಿಲ್ಲ. ಕೊಟ್ಟವರ ನಂಬಿಕೆಯನ್ನು ಕಾಯುವುದು ಇಂತಹ ಚೊಕ್ಕ ಲೆಕ್ಕವೇ.