ಅರಿಶಿನ, ಸುಣ್ಣ ಮತ್ತು ಒಂದು ಹಠಮಾರಿ ಬೀಟ್‌ರೂಟ್



ಮನೆಯಲ್ಲಿ ಐದನೇ, ಆರನೇ ಗ್ರೇಡಿನ ಮಕ್ಕಳಿರುವವರಿಗೆ ಇದು ಗೊತ್ತೇ ಇರುತ್ತದೆ. ಚಳಿಗಾಲದ ರಜೆ ಮುಗಿಯುತ್ತಿದ್ದಂತೆ ಶಾಲೆಯಿಂದ ಸೈನ್ಸ್ ಫೇರ್ ಚೀಟಿ ಬರುತ್ತದೆ. ಅಂದಿನಿಂದ ಒಂದು ತಿಂಗಳು ಡೈನಿಂಗ್ ಟೇಬಲ್ ಊಟಕ್ಕೆ ಸಿಗುವುದಿಲ್ಲ. ನಮ್ಮ ಮಗಳು ಆರಿಸಿಕೊಂಡದ್ದು ಗಿಡಗಳ ಬಣ್ಣದಿಂದ ಆಮ್ಲ ಯಾವುದು, ಕ್ಷಾರ ಯಾವುದು ಎಂದು ಪತ್ತೆ ಹಚ್ಚುವ ಪ್ರಯೋಗ. ಈಗಿನ ಪಠ್ಯಗಳಲ್ಲಿ ಪ್ರತ್ಯಾಮ್ಲ ಎಂದೂ ಬರೆಯುತ್ತಾರೆ, ಆದರೆ ನನ್ನ ಬಾಯಿಗೆ ಬರುವುದು ಕ್ಷಾರವೇ. ಸುಲಭದ ವಿಷಯ, ಒಂದು ಶನಿವಾರದಲ್ಲಿ ಮುಗಿಸಿಬಿಡೋಣ ಎಂದುಕೊಂಡೆ. ನಾಲ್ಕು ಶನಿವಾರ ಹಿಡಿಯಿತು.

ಶುರುವಿನಲ್ಲೇ ಅವಳು ಮೂರು ಮಡಿಕೆಯ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ತನ್ನ ಊಹೆಯನ್ನು ಅಂಟಿಸಿಬಿಟ್ಟಿದ್ದಳು: "ಬಣ್ಣವಿರುವ ಎಲ್ಲ ತರಕಾರಿ, ಹೂವುಗಳೂ ಆಮ್ಲದಲ್ಲಿ ಒಂದು ಬಣ್ಣ, ಕ್ಷಾರದಲ್ಲಿ ಇನ್ನೊಂದು ಬಣ್ಣ ತೋರಿಸುತ್ತವೆ." ಇದಕ್ಕಾಗಿ ತಂದದ್ದು ನಾಲ್ಕು ಸಾಮಾನು: ಅರಿಶಿನ, ಇಲ್ಲಿನ ಅಂಗಡಿಗಳಲ್ಲಿ ರೆಡ್ ಕ್ಯಾಬೇಜ್ ಎಂದು ಮಾರುವ ನೇರಳೆ ಎಲೆಕೋಸು, ಬೀಟ್‌ರೂಟ್, ಮತ್ತು ಮೆಕ್ಸಿಕನ್ ಅಂಗಡಿಯಲ್ಲಿ ಹಮೈಕಾ ಹೆಸರಿನಲ್ಲಿ ಸಿಗುವ ಕೆಂಪು ಒಣ ಹೂ. ಈ ಕೊನೆಯದು ದಾಸವಾಳದ ಬಳಗದ್ದೇ. ನಮ್ಮ ಉತ್ತರ ಕರ್ನಾಟಕದವರ ಪುಂಡಿಪಲ್ಯಕ್ಕೆ ಹತ್ತಿರದ ನಂಟು!

ಮೊದಲು ಅರಿಶಿನ. ಅದರ ಬಣ್ಣ ಕರ್ಕ್ಯುಮಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಹಾಗಾಗಿ ಒಂದು ಚಮಚ ಪುಡಿಯನ್ನು ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ ಕಲಸಿ, ತಿಳಿಯನ್ನು ಬಸಿದು, ಅದರಲ್ಲಿ ಬಿಳಿ ಕಾಫಿ ಫಿಲ್ಟರ್ ಅದ್ದಿ ಒಣಗಿಸಿ ಪಟ್ಟಿ ಕತ್ತರಿಸಿದೆವು. ಒಲೆಯ ಹತ್ತಿರ ಈ ಕೆಲಸ ಬೇಡ, ಆಲ್ಕೋಹಾಲ್ ಹೊತ್ತಿಕೊಳ್ಳುತ್ತದೆ. ಪಟ್ಟಿಗೆ ನಿಂಬೆರಸ ಬಿಟ್ಟರೆ ಹಳದಿ, ವಿನೆಗರ್ ಬಿಟ್ಟರೆ ಹಳದಿ, ಬರೀ ನೀರು ಬಿಟ್ಟರೂ ಹಳದಿ. ಬೇಕಿಂಗ್ ಸೋಡಾ ನೀರಿಗೆ ಮಾತ್ರ ಒಂದು ಥರ ಮಂಕು ಕಿತ್ತಳೆ. ಮಗಳ ಮುಖವೂ ಅಷ್ಟೇ ಮಂಕಾಯಿತು.

ಆಗ ಊರಿನಿಂದ ಬಂದಿದ್ದ ನಮ್ಮಮ್ಮ ಸೋಫಾದಿಂದಲೇ ಹೇಳಿದರು, "ಅದೇನೋ ಸೋಡಾ ಗೀಡಾ ಹಾಕ್ತಾ ಕೂತಿದೀಯ, ಅರಿಶಿನಕ್ಕೆ ಸುಣ್ಣ ಹಾಕ್ಬೇಕು ಕಣೋ." ಎಲೆಅಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ಹೊರಬಂತು. ಬಟ್ಟಲಿನ ಅರಿಶಿನ ನೀರಿಗೆ ಬೆರಳ ತುದಿಯಷ್ಟು ಸುಣ್ಣ ಕಲಸಿದ್ದೇ ತಡ, ಮದುವೆಮನೆಯ ಬಾಗಿಲಲ್ಲಿ ಎತ್ತುವ ಆರತಿ ನೀರು ಕಣ್ಣ ಮುಂದೆ! ಮಗಳು ಬಾಯಿ ಬಿಟ್ಟು ನೋಡಿದಳು. ನಾನೂ ಚಿಕ್ಕಂದಿನಿಂದ ಆ ಕೆಂಪು ನೀರನ್ನು ನೋಡಿದವನೇ, ಅದು ರಸಾಯನಶಾಸ್ತ್ರ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಬಿಳಿ ಅಂಗಿಯ ಮೇಲಿನ ಹುಳಿಯ ಕಲೆ ಸೋಪು ಹಚ್ಚಿದಾಗ ಕೆಂಪಾಗಿ, ಜಾಲಿಸಿದಾಗ ಮತ್ತೆ ಹಳದಿಯಾಗುವುದೂ ಇದೇ ಆಟ. ಕಲೆಯನ್ನು ಕೊನೆಗೆ ತೆಗೆಯುವುದು ಬಿಸಿಲು, ಬೆಳಕಿಗೆ ಕರ್ಕ್ಯುಮಿನ್ ಮುರಿಯುತ್ತದೆ. ಡ್ರೈಯರ್‌ಗೆ ಹಾಕುವವರಿಗೆ ಆ ಭಾಗ್ಯವಿಲ್ಲ.

"ಅಪ್ಪ, ಅಜ್ಜಿ ಮಾಡಿದ್ದು ಕೆಂಪಾಯ್ತು. ಸೋಡಾನೂ ಬೇಸ್ ತಾನೇ, ನಮ್ಮದು ಯಾಕೆ ಆಗ್ಲಿಲ್ಲ?"

ಒಳ್ಳೆಯ ಪ್ರಶ್ನೆ. ಉತ್ತರ ಪಿಎಚ್ ಅಳತೆಯಲ್ಲಿದೆ. ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ತಂದ ಅಳತೆ ಇದು. ಹೌದು, ಆ ಬಿಯರ್ ಕಂಪನಿಯದೇ ಪ್ರಯೋಗಾಲಯ. ಶುದ್ಧ ನೀರು 7, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ಬೇಕಿಂಗ್ ಸೋಡಾ ನೀರು ಸುಮಾರು 8.3, ಸುಣ್ಣದ ತಿಳಿ ಸುಮಾರು 12.4. ಅರಿಶಿನ ಬಣ್ಣ ಬದಲಿಸಲು ಶುರು ಮಾಡುವುದು ಸುಮಾರು 7.5ರ ಮೇಲೆ, ಪೂರ್ತಿ ಕೆಂಪಾಗುವುದು ಇನ್ನೂ ಮೇಲೆ. ಸೋಡಾ ಹೊಸ್ತಿಲ ಮೇಲೆ ನಿಂತಿದೆ, ಸುಣ್ಣ ನಡುಮನೆಗೇ ಬಂದು ಕೂತಿದೆ. ಹೊಸ್ತಿಲ ಈಚೆಗಿರುವ ನಿಂಬೆರಸ, ವಿನೆಗರ್, ನೀರು ಮೂರೂ ಅರಿಶಿನದ ಲೆಕ್ಕದಲ್ಲಿ ಒಂದೇ. ಅಂದರೆ ಅರಿಶಿನ ಕ್ಷಾರವನ್ನು ಹಿಡಿಯುತ್ತದೆ, ಆಮ್ಲವನ್ನು ಹಿಡಿಯುವುದಿಲ್ಲ.

ಸುಣ್ಣ ಸಿಗದವರಿಗೆ ಒಂದು ಉಪಾಯ. ಅದೇ ಬೇಕಿಂಗ್ ಸೋಡಾವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್‌ನಲ್ಲಿ 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಇಟ್ಟರೆ ನೀರಾವಿ, ಕಾರ್ಬನ್ ಡೈಆಕ್ಸೈಡ್ ಹೋಗಿ ವಾಷಿಂಗ್ ಸೋಡಾ ಆಗುತ್ತದೆ. 100 ಗ್ರಾಂ ಇಟ್ಟರೆ ಸುಮಾರು 63 ಗ್ರಾಂ ಉಳಿಯುತ್ತದೆ, ಅಡಿಗೆಮನೆಯ ತಕ್ಕಡಿಯಲ್ಲೇ ತೂಗಿ ನೋಡಬಹುದು. ಅದರ ನೀರಿನ ಪಿಎಚ್ 11ರ ಆಸುಪಾಸು. ಪಟ್ಟಿ ಚೆನ್ನಾಗಿ ಕೆಂಪಾಯಿತು. ಅದಕ್ಕೆ ವಿನೆಗರ್ ಬಿಟ್ಟಾಗ ಮತ್ತೆ ಹಳದಿ. ಇದನ್ನೂ ಸುಣ್ಣವನ್ನೂ ಬರಿಗೈಯಲ್ಲಿ ಮುಟ್ಟದೆ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಸಿ.

ಇಷ್ಟು ಗೆದ್ದ ಹುಮ್ಮಸ್ಸಿನಲ್ಲಿ ನಾನೊಂದು ಜಂಬದ ಮಾತು ಆಡಿದೆ, "ಕುಂಕುಮವೂ ಅರಿಶಿನದಿಂದಲೇ ಮಾಡೋದು, ಆ ಕೆಂಪೂ ಇದೇ." ಮಗಳು ಬಿಡಬೇಕಲ್ಲ. ಅಜ್ಜಿಯ ಭರಣಿಯಿಂದ ಚಿಟಿಕೆ ಕುಂಕುಮ ತಂದು ವಿನೆಗರ್ ಬಿಟ್ಟಳು. ಹಳದಿಯಾಗಲೇ ಇಲ್ಲ! ಅಮ್ಮನನ್ನು ಕೇಳಿದರೆ, ಅದು ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಸೇರಿಸಿ ಮಾಡಿದ ಕುಂಕುಮ. ಬಿಳಿಗಾರ ಎಂದರೆ ಬೋರಾಕ್ಸ್. ಅದರಲ್ಲಿರುವ ಬೋರಾನ್ ಆಮ್ಲದ ಜೊತೆಯಲ್ಲಿ ಕರ್ಕ್ಯುಮಿನ್ನಿಗೆ ಅಂಟಿಕೊಂಡು ಬೇರೆಯದೇ ಕೆಂಪು ವಸ್ತುವಾಗುತ್ತದೆ, ಅದು ಆಮ್ಲಕ್ಕೆ ಹೆದರುವುದಿಲ್ಲ. ಆರತಿಯ ಕೆಂಪು ಬೇರೆ, ಈ ಕೆಂಪು ಬೇರೆ. ನನ್ನ ಜಂಬ ಅಲ್ಲಿಗೆ ಇಳಿಯಿತು.

ಎಲೆಕೋಸಿನ ದಿನ ಇನ್ನೊಂದು ಎಡವಟ್ಟು. ಹೆಚ್ಚಿದ ಎಲೆಕೋಸಿನ ಮೇಲೆ ಬಿಸಿನೀರು ಸುರಿದು ಕಾಲು ಗಂಟೆ ಬಿಟ್ಟು ಸೋಸಿದರೆ ನೇರಳೆ ರಸ ಬರಬೇಕು. ನಮಗೆ ಬಂದದ್ದು ನೀಲಿ. ಕಾರಣ ನಲ್ಲಿ ನೀರು. ಪೈಪು ಸವೆಯದಿರಲಿ ಎಂದು ಅಮೆರಿಕದ ಹಲವು ಊರುಗಳಲ್ಲಿ ನೀರನ್ನು ಸ್ವಲ್ಪ ಕ್ಷಾರದ ಕಡೆಗೇ ಇಟ್ಟಿರುತ್ತಾರೆ. ಗ್ರೋಸರಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಮತ್ತೆ ಮಾಡಿದಾಗ ಸರಿಯಾದ ನೇರಳೆ ಬಂತು. ಮೊದಲ ಶನಿವಾರದ ಅಂಕಿಗಳೆಲ್ಲ ಕಸದ ಬುಟ್ಟಿಗೆ.

ಆದರೆ ಸೂಚಕ ಎಂದರೆ ಎಲೆಕೋಸೇ ಸರಿ. ನಿಂಬೆರಸಕ್ಕೆ ಕೆಂಪು, ಮೊಸರಿನ ತಿಳಿಗೆ ಗುಲಾಬಿ, ಬೇಕಿಂಗ್ ಸೋಡಾಗೆ ನೀಲಿ, ವಾಷಿಂಗ್ ಸೋಡಾಗೆ ಹಸಿರು, ಸುಣ್ಣದ ತಿಳಿಗೆ ಹಸಿರು ಕಳೆದು ಹಳದಿಯ ಕಡೆಗೆ. ಇದರಲ್ಲಿರುವುದು ಆಂಥೋಸಯನಿನ್ ಎಂಬ ಬಣ್ಣ. ಪಿಎಚ್ ಏರಿದಂತೆ ಅದರ ಅಣು ಒಂದೊಂದೇ ಹೈಡ್ರೋಜನ್ ಕಳೆದುಕೊಂಡು ಬೇರೆ ಬೇರೆ ರೂಪ ತಾಳುತ್ತದೆ, ಪ್ರತಿ ರೂಪವೂ ಬೆಳಕಿನ ಬೇರೆ ಭಾಗವನ್ನು ನುಂಗುತ್ತದೆ. ಕೊನೆಯ ಹಳದಿಯಲ್ಲಿ ಮಾತ್ರ ಅಣುವೇ ಮುರಿದಿರುತ್ತದೆ, ಹೊತ್ತು ಬಿಟ್ಟು ವಿನೆಗರ್ ಹಾಕಿದರೆ ಮೊದಲಿನ ಕೆಂಪು ಪೂರ್ತಿ ಬರುವುದಿಲ್ಲ. ಹಮೈಕಾ ಹೂವಿನಲ್ಲೂ ಆಂಥೋಸಯನಿನ್ನೇ, ಅದರದ್ದೇ ಹುಳಿ ಇರುವುದರಿಂದ ಕೆಂಪಿನಿಂದಲೇ ಶುರುವಾಗುತ್ತದೆ. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1664ರಷ್ಟು ಹಿಂದೆಯೇ ವಯೊಲೆಟ್ ಹೂವಿನ ಪಾನಕ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ಹಸಿರಾಗುವುದನ್ನು ಬರೆದಿಟ್ಟಿದ್ದ.

ಹಾಗೆಂದು ಹೂವಿನ ಬಣ್ಣಕ್ಕೆಲ್ಲ ಪಿಎಚ್ ಒಂದೇ ಕಾರಣ ಎಂದುಕೊಳ್ಳಬೇಡಿ. ನಮ್ಮ ಬೀದಿಯ ಮನೆಗಳ ಮುಂದೆ ಹೈಡ್ರೇಂಜಿಯಾ ಇವೆ. ಹುಳಿ ಮಣ್ಣಿನಲ್ಲಿ ಅವು ನೀಲಿ, ಕ್ಷಾರದ ಮಣ್ಣಿನಲ್ಲಿ ಗುಲಾಬಿ, ಲಿಟ್ಮಸ್‌ಗೆ ಪೂರ್ತಿ ಉಲ್ಟಾ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ನೀಲಿ ಮಾಡುವುದು ಆ ಲೋಹ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಓದದೆ ಮುಂದೆ ಹೋಗಬೇಡಿ. ಬಟ್ಟೆಯ ಬ್ಲೀಚನ್ನು ಈ ಪ್ರಯೋಗಕ್ಕೆ ತರಬೇಡಿ. ಅದು ಬಣ್ಣವನ್ನೇ ಸುಟ್ಟುಹಾಕುವುದರಿಂದ ಫಲಿತಾಂಶಕ್ಕೆ ಅರ್ಥವಿಲ್ಲ. ಅದಕ್ಕಿಂತ ಮುಖ್ಯ, ಬ್ಲೀಚಿಗೆ ವಿನೆಗರ್ ಅಥವಾ ನಿಂಬೆರಸ ಬಿದ್ದರೆ ಕ್ಲೋರಿನ್ ವಿಷಾನಿಲ ಬರುತ್ತದೆ, ಅಮೋನಿಯ ಇರುವ ಗಾಜು ಒರೆಸುವ ದ್ರವ ಬಿದ್ದರೂ ವಿಷಾನಿಲವೇ.

ಇನ್ನು ಬೀಟ್‌ರೂಟ್. ಅಷ್ಟು ಗಾಢ ಬಣ್ಣ, ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ ಎಂದು ಮಗಳು ಕೊನೆಗೆ ಇಟ್ಟುಕೊಂಡಿದ್ದಳು. ನಿಂಬೆರಸ ಹಾಕಿದಳು, ಕೆಂಪು. ನೀರು, ಕೆಂಪು. ಬೇಕಿಂಗ್ ಸೋಡಾ, ಕೆಂಪು. ಮೂರು ಸಲ ಮಾಡಿದಳು. ಶುಕ್ರವಾರ ಬೋರ್ಡ್ ಒಯ್ಯಬೇಕು, ಇದು ಭಾನುವಾರ ರಾತ್ರಿ. ಊಹೆಯ ಕಾಗದ ದಪ್ಪ ಅಕ್ಷರದಲ್ಲಿ ನಗುತ್ತಿತ್ತು. ಅವಳ ಕಣ್ಣಲ್ಲಿ ನೀರು. ನಾನು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. "ಬೀಟ್‌ರೂಟ್ ಬಿಟ್ಟುಬಿಡು ಪುಟ್ಟಿ, ಮೂರೇ ಇರಲಿ, ಯಾರಿಗೂ ಗೊತ್ತಾಗಲ್ಲ" ಎಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ನಂಗೆ ಗೊತ್ತಾಗತ್ತಲ್ಲ ಅಪ್ಪ" ಎಂದಳು.

ಆ ರಾತ್ರಿ ಕೂತು ಓದಿದೆ. ಬೀಟ್‌ರೂಟ್‌ನಲ್ಲಿರುವುದು ಆಂಥೋಸಯನಿನ್ ಅಲ್ಲವೇ ಅಲ್ಲ, ಬೀಟಲೇಯಿನ್ ಎಂಬ ಬೇರೆಯೇ ಕುಲ. ಅದರ ಅಣುವಿನಲ್ಲಿ ನೈಟ್ರೋಜನ್ ಇದೆ, ಆಂಥೋಸಯನಿನ್ನಿನಲ್ಲಿ ಇಲ್ಲ. ಎರಡೂ ಬಣ್ಣ ಒಂದೇ ಗಿಡದಲ್ಲಿ ಸಹಜವಾಗಿ ಕಂಡುಬಂದಿಲ್ಲ, ಒಂದಿದ್ದಲ್ಲಿ ಇನ್ನೊಂದಿಲ್ಲ. ಬೀಟ್‌ರೂಟ್, ಕೆಂಪು ದಂಟು, ಬೋಗನ್‌ವಿಲ್ಲಾ ಎಲ್ಲ ಬೀಟಲೇಯಿನ್ ಪಂಗಡ. ಪಿಎಚ್ 3ರಿಂದ 7ರವರೆಗೆ ಈ ಬಣ್ಣ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ, ಬೇಕಿಂಗ್ ಸೋಡಾಕ್ಕೂ ಅಷ್ಟಾಗಿ ಜಗ್ಗುವುದಿಲ್ಲ. ಆಹಾರಕ್ಕೆ ಬಣ್ಣ ಹಾಕಲು ಅದನ್ನು ಬಳಸುವವರಿಗೆ ಅದೇ ಅನುಕೂಲ. ಸುಣ್ಣದ ತಿಳಿಯಂಥ ಬಲವಾದ ಕ್ಷಾರದಲ್ಲಿ ಮಾತ್ರ ಅಣು ಎರಡು ತುಂಡಾಗಿ ಹಳದಿ ಉಳಿಯುತ್ತದೆ. ಮರುದಿನ ಸಂಜೆ ಅಮ್ಮನ ಸುಣ್ಣದಲ್ಲೇ ನೋಡಿದೆವು, ಹಾಗೇ ಆಯಿತು.

ಮಗಳು ಊಹೆಯ ಕಾಗದವನ್ನು ಕೀಳಲಿಲ್ಲ. ಅದರ ಕೆಳಗೆ "ಇದು ತಪ್ಪು, ಯಾಕೆಂದರೆ" ಎಂದು ಬರೆದು ಬೀಟ್‌ರೂಟ್ ಲೋಟಗಳ ಫೋಟೋ ಅಂಟಿಸಿದಳು. ಬಹುಮಾನ ಬರಲಿಲ್ಲ, ಅದು ಇನ್ಯಾರದೋ ರೋಬಾಟ್‌ಗೆ ಹೋಯಿತು. ಆದರೆ ನೋಡಲು ಬಂದ ಟೀಚರು ಬೇರೆಲ್ಲ ಬಿಟ್ಟು ಬೀಟ್‌ರೂಟ್ ಬಗ್ಗೆಯೇ ಹತ್ತು ನಿಮಿಷ ಪ್ರಶ್ನೆ ಕೇಳಿದರಂತೆ.

ಮನೆಗೆ ಬಂದು ಅಜ್ಜಿಗೆ ಇದನ್ನೆಲ್ಲ ವಿವರಿಸುತ್ತಿದ್ದಾಗ ಅಮ್ಮ ಅಂದರು, "ನಾವು ಸಣ್ಣವರಿದ್ದಾಗ ಬಸಳೆ ಹಣ್ಣು ಹಿಂಡಿ ಶಾಯಿ ಅಂತ ಬರೀತಿದ್ವಿ, ಅದು ಯಾವ ಪಂಗಡವೋ?" ಬಸಳೆಯೂ ಬೀಟಲೇಯಿನ್ ಪಂಗಡವೇ, ಹಾಗಾಗಿ ನಿಂಬೆರಸಕ್ಕೆ ಬಣ್ಣ ಬದಲಾಗಬಾರದು ಎಂದು ಮಗಳು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಈ ಸಲ ಪೆನ್ಸಿಲ್‌ನಲ್ಲಿ. ಇಲ್ಲಿ ಮಲಬಾರ್ ಸ್ಪಿನಾಚ್ ಎಂಬ ಹೆಸರಿನಲ್ಲಿ ಬೀಜ ಸಿಗುತ್ತದೆ, ತಂದಿದ್ದೇವೆ. ಹಿಮ ಕರಗಿದ ಮೇಲೆ ಕುಂಡದಲ್ಲಿ ಹಾಕಬೇಕು.