ಓಡಿಸುವವರೇ ಕಟ್ಟಿದ ಕಾರು

ಕಾರಹುಣ್ಣಿಮೆಯ ಸಂಜೆ ಕಲಾದಗಿ, ಬಾದಾಮಿ, ಹುನಗುಂದದ ಕಡೆ ರೈತರು ತಾವೇ ಮೇಯಿಸಿ ಪಳಗಿಸಿದ ಎತ್ತನ್ನು ಅಗಸಿಯತ್ತ ಓಡಿಸುತ್ತಾರೆ. ಭಾರತದ ಮೋಟಾರ್ ರೇಸಿಗೆ ಆ ಭಾಗ್ಯ ಬಹುಕಾಲ ಇರಲಿಲ್ಲ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ರೇಸು ನಡೆಯುತ್ತಿದ್ದಾಗ, ಅಸಲಿ ರೇಸ್ ಕಾರು ಬೇಕೆಂದರೆ ಹೊರದೇಶದಿಂದ ತರಿಸಬೇಕಿತ್ತು. ಉಳಿದವರು ಫಿಯೆಟ್, ಅಂಬಾಸಡರ್‌ಗಳನ್ನೇ ತಿದ್ದಿಕೊಂಡು ಟ್ರ್ಯಾಕಿಗೆ ಇಳಿಯುತ್ತಿದ್ದರು.

ಈ ಕೊರತೆಯನ್ನು ನೀಗಿಸಿದವರು ಕೊಯಮತ್ತೂರಿನ ಸುಂದರಂ ಕರಿವರ್ಧನ್. 1954ರಲ್ಲಿ ಲಕ್ಷ್ಮಿ ಮಿಲ್ಸ್ ಮನೆತನದಲ್ಲಿ ಹುಟ್ಟಿದವರು. ಶೋಲಾವರಂನಲ್ಲಿ ಹೆಸರು ಮಾಡಿದ ಚಾಲಕರು. ಅವರ ಊರು ನೂಲಿನ ಗಿರಣಿ, ಎರಕ, ಲೇತ್‌ಗಳ ಊರು. ನಮ್ಮ ಹೊಲದ ಬಾವಿಗಳಿಗೆ ಪಂಪ್‌ಸೆಟ್ ಕಳಿಸುವುದೂ ಅದೇ ಊರು. ಲೋಹದ ಕೆಲಸ ಬಲ್ಲ ಕೈಗಳು ಸುತ್ತಲೂ ಇರುವಾಗ ಕಾರನ್ನು ಇಲ್ಲೇ ಕಟ್ಟಬಹುದು ಎಂದು ಅವರು ನಂಬಿದರು, ಕಟ್ಟಿ ತೋರಿಸಿದರು.

1983ರ ಕೊನೆಗೆ ಮಾರುತಿ 800 ರಸ್ತೆಗೆ ಬಂತು. ಅದರ ಮೂರು ಸಿಲಿಂಡರಿನ, 796 ಸಿಸಿ ಎಂಜಿನ್ನನ್ನೇ ಕರಿವರ್ಧನ್ ಆರಿಸಿಕೊಂಡರು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಹಗುರವಾದ ಫೈಬರ್ ಮೈ, ಒಬ್ಬರಿಗಷ್ಟೇ ಸೀಟು: ಆ ದಶಕದ ಕೊನೆಯ ಹೊತ್ತಿಗೆ ‘ಫಾರ್ಮುಲಾ ಮಾರುತಿ’ ಸಿದ್ಧವಾಯಿತು. ಬಿಡಿಭಾಗ ಯಾವ ಊರಿನಲ್ಲೂ ಸಿಗುತ್ತಿತ್ತು, ಖರ್ಚೂ ಕಡಿಮೆ. ಎಲ್ಲರದೂ ಒಂದೇ ಎಂಜಿನ್ ಆದ್ದರಿಂದ ಗೆಲುವು ಚಾಲಕನ ಜಾಣ್ಮೆಯ ಮೇಲೆ ನಿಂತಿತು. ಶಕ್ತಿ ಕಡಿಮೆಯ ಕಾರಿನಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗ ಬೇಗನೆ ಮರಳಿ ಬಾರದು. ಹಾಗಾಗಿ ಎಲ್ಲಿ ಬ್ರೇಕ್ ಒತ್ತಬೇಕು, ಯಾವ ಗೆರೆ ಹಿಡಿದು ತಿರುಗಬೇಕು ಎಂಬುದನ್ನು ಹೊಸಬರು ಇದರಲ್ಲೇ ಕಲಿತರು.

ಆ ಕಲಿಕೆ ಬಹುದೂರ ಹೋಯಿತು. ಫಾರ್ಮುಲಾ ಮಾರುತಿಯಲ್ಲಿ ಮೊದಲ ಹೆಜ್ಜೆ ಇಟ್ಟ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಜೋರ್ಡಾನ್ ತಂಡ ಸೇರಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು. 2000ದಲ್ಲಿ ಫಾರ್ಮುಲಾ ಮಾರುತಿಯ ಚಾಂಪಿಯನ್ ಆದ ಕರುಣ್ ಚಂದೋಕ್ 2010ರಲ್ಲಿ ಅದೇ ಎತ್ತರ ಏರಿದರು.

ಇದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲಿ ಲಘು ವಿಮಾನದ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 41 ವರ್ಷ. ಕೊಯಮತ್ತೂರಿನ ಬಳಿ ಚೆಟ್ಟಿಪಾಳ್ಯಂನಲ್ಲಿ 2003ರಲ್ಲಿ ತೆರೆದ, 2.1 ಕಿ.ಮೀ. ಉದ್ದದ ‘ಕರಿ ಮೋಟಾರ್ ಸ್ಪೀಡ್‌ವೇ’ ಅವರ ಹೆಸರನ್ನು ಹೊತ್ತಿದೆ.

ಲೋಹದ ಕೆಲಸ ಬಲ್ಲ ಕೈಗಳು ನಮ್ಮ ಕಡೆಯೂ ಇವೆ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ. ಇಳಕಲ್ಲಿನಿಂದ ಕಲಾದಗಿಯವರೆಗೆ ಗ್ಯಾರೇಜುಗಳಲ್ಲಿ ವೆಲ್ಡಿಂಗ್ ಬಲ್ಲ, ಎಂಜಿನ್ ಬಿಚ್ಚಿ ಕೂಡಿಸಬಲ್ಲ ಮಿಸ್ತ್ರಿಗಳಿದ್ದಾರೆ. ರೇಸಿನ ಕನಸು ಕಾಣುವ ನಮ್ಮ ಹುಡುಗ ಹುಡುಗಿಯರು ಕರಿವರ್ಧನ್ ಅವರ ಬದುಕನ್ನು ಓದಬೇಕು. ಒಬ್ಬರು ಗೆದ್ದ ಕಪ್ ಒಂದೇ ಮನೆಯ ಕಪಾಟು ಸೇರುತ್ತದೆ. ಹಲವರ ಕೈಗೆಟುಕುವ ಕಾರನ್ನು ಕಟ್ಟಿದ್ದರಿಂದ ಅವರು ಇಡೀ ಒಂದು ತಲೆಮಾರಿಗೆ ಟ್ರ್ಯಾಕಿನ ಬಾಗಿಲು ತೆರೆದರು.