ಸೋಪು ಮಾಡೋಣ, ತೂಗಿ ಮಾಡೋಣ

ಬಚ್ಚಲುಮನೆಯಲ್ಲಿ ದಿನವೂ ಕೈಗೆ ಸಿಗುವ ವಸ್ತು ಸೋಪು. ಸವೆದು ಚೂರಾದ ಮೇಲೂ ಹೊಸ ಸೋಪಿನ ಬೆನ್ನಿಗೆ ಅಂಟಿಸಿ ಬಳಸುವವರು ನಾವು. ಆದರೆ ‘ಸೋಪನ್ನು ಯಾವುದರಿಂದ ಮಾಡುತ್ತಾರೆ?’ ಎಂದು ಮಕ್ಕಳು ಕೇಳಿದರೆ ಎಷ್ಟು ಮಂದಿ ಅಪ್ಪ ಅಮ್ಮಂದಿರು ತಟ್ಟನೆ ಉತ್ತರ ಹೇಳಬಲ್ಲರು?

ಉತ್ತರ ಸರಳ. ಎಣ್ಣೆ, ನೀರು, ಕಾಸ್ಟಿಕ್ ಸೋಡಾ. ಈ ಮೂರು ಸೇರಿದರೆ ಸೋಪು. ಇವುಗಳಲ್ಲಿ ಎರಡು ಅಡುಗೆಮನೆಯಲ್ಲೇ ಇವೆ. ಮೂರನೆಯದು ಮಾತ್ರ ಚರ್ಮವನ್ನು ಸುಡುವ, ಕಣ್ಣಿಗೆ ಹಾರಿದರೆ ದೃಷ್ಟಿಯನ್ನೇ ಕಸಿಯಬಲ್ಲ ಕ್ಷಾರ. ಮನೆಯಲ್ಲಿ ಸೋಪು ಮಾಡುವ ಹವ್ಯಾಸ ಈಚಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲೂ ಹರಡುತ್ತಿದೆ. ಚೆಂದದ ಹವ್ಯಾಸವೇ ಸರಿ. ಆದರೆ ಇದು ಕಣ್ಣಳತೆಯ ಅಡುಗೆಯಲ್ಲ, ತಕ್ಕಡಿಯ ಕೆಲಸ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಮಿಕ್ಕದ್ದೆಲ್ಲ ಸುಲಭ.

ಸೀಗೆಯಿಂದ ಸೋಪಿನವರೆಗೆ

ಸೋಪು ಬರುವ ಮುನ್ನ ನಮ್ಮಲ್ಲಿ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು ಇದ್ದವು. ಬಟ್ಟೆಗೆ ಸವಳು ಮಣ್ಣು, ಪಾತ್ರೆಗೆ ಬೂದಿ. ಅಂಟುವಾಳದ ನೊರೆ ಅದರಲ್ಲಿರುವ ಸಪೋನಿನ್ ಎಂಬ ವಸ್ತುವಿನದು, ಅದು ಸೋಪಲ್ಲ. ಬೂದಿ ಮತ್ತು ಸವಳು ಮಣ್ಣು ಜಿಡ್ಡು ತೆಗೆಯುವುದು ಅವುಗಳಲ್ಲಿರುವ ಕ್ಷಾರದಿಂದ. ಇತರ ದೇಶಗಳಲ್ಲಿ ಇದೇ ಬೂದಿಯ ನೀರಿಗೆ ಸುಣ್ಣ ಸೇರಿಸಿ, ಕೊಬ್ಬಿನ ಜೊತೆ ಕುದಿಸಿ ಸೋಪು ಮಾಡುತ್ತಿದ್ದರು.

ಬೂದಿಯ ನೀರಿನ ತೊಂದರೆಯೆಂದರೆ ಅದರ ಬಲ ಎಷ್ಟೆಂದು ಯಾರಿಗೂ ನಿಖರವಾಗಿ ತಿಳಿಯುತ್ತಿರಲಿಲ್ಲ. ಒಮ್ಮೆ ಮೈ ಸುಡುವ ಸೋಪು, ಒಮ್ಮೆ ಜಿಡ್ಡು ಜಿಡ್ಡಾದ ಸೋಪು. ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ 1791ರಲ್ಲಿ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಕ್ಷಾರ ಅಗ್ಗವಾಯಿತು. ಅದೇ ದೇಶದ ಮಿಶೆಲ್ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿ ಸೋಪಿನೊಳಗೆ ನಡೆಯುವುದೇನು ಎಂಬುದನ್ನು ಬಿಡಿಸಿ ತೋರಿಸಿದರು. ಕೊಬ್ಬಿನ ಬಗೆಗಿನ ಅವರ ಗ್ರಂಥ ಹೊರಬಂದದ್ದು 1823ರಲ್ಲಿ.

ನಮ್ಮ ನಾಡಿನ ಕಥೆ ಮೊದಲ ಮಹಾಯುದ್ಧಕ್ಕೆ ಅಂಟಿಕೊಂಡಿದೆ. ಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲವದು. ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಆ ಎಣ್ಣೆಯಿಂದಲೇ ಮುಂದೆ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಅದರ ಹಿಂದೆ ಎಸ್.ಜಿ. ಶಾಸ್ತ್ರಿ ಎಂಬ ರಸಾಯನ ತಜ್ಞರ ಶ್ರಮವಿತ್ತು. ನಾಡಿನ ಹೆಮ್ಮೆಯಾದ ಆ ಸೋಪಿನಲ್ಲೂ, ನಾವು ಮನೆಯಲ್ಲಿ ಮಾಡುವ ಸೋಪಿನಲ್ಲೂ ಮೂಲ ವಿದ್ಯೆ ಒಂದೇ.

ಒಳಗೆ ನಡೆಯುವುದೇನು?

ಎಣ್ಣೆಯ ಒಂದೊಂದು ಅಣುವೂ ಒಂದು ಗ್ಲಿಸರಿನ್ ಬೆನ್ನೆಲುಬಿಗೆ ಮೂರು ಉದ್ದನೆಯ ಕೊಬ್ಬಿನಾಮ್ಲದ ಬಾಲಗಳನ್ನು ಅಂಟಿಸಿದಂತೆ ಇರುತ್ತದೆ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಈ ಬಾಲಗಳನ್ನು ಬಿಡಿಸುತ್ತದೆ. ಬಿಡಿಸಿಕೊಂಡ ಬಾಲ ಸೋಡಿಯಂ ಜೊತೆ ಸೇರಿ ಸೋಪಾಗುತ್ತದೆ. ಗ್ಲಿಸರಿನ್ ಪಕ್ಕಕ್ಕೆ ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಈ ಗ್ಲಿಸರಿನ್ನನ್ನು ಬೇರ್ಪಡಿಸಿ ಬೇರೆ ಕೆಲಸಕ್ಕೆ ಮಾರುತ್ತವೆ. ಮನೆಯ ಸೋಪಿನಲ್ಲಿ ಅದು ಅಲ್ಲೇ ಉಳಿಯುತ್ತದೆ.

ಸೋಪಿನ ಅಣುವಿನ ಒಂದು ತುದಿಗೆ ನೀರೆಂದರೆ ಇಷ್ಟ, ಇನ್ನೊಂದು ತುದಿಗೆ ಜಿಡ್ಡೆಂದರೆ ಇಷ್ಟ. ಹೀಗಾಗಿ ಅದು ಜಿಡ್ಡನ್ನು ಹಿಡಿದು ನೀರಿನ ಜೊತೆ ಕಳಿಸುತ್ತದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮಕ್ಕಳು ಓದುವ ಪಾಠ ಇದೇ.

ಈಗ ಲೆಕ್ಕಕ್ಕೆ ಬನ್ನಿ. ಒಂದು ಎಣ್ಣೆಯ ಅಣುವಿಗೆ ಮೂರು ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಅದರ ಅಣುತೂಕ 40, ಮೂರಕ್ಕೆ 120. ಕಡಲೆಕಾಯಿ ಎಣ್ಣೆಯ ಸರಾಸರಿ ಅಣುತೂಕ ಸುಮಾರು 885. 120ನ್ನು 885ರಿಂದ ಭಾಗಿಸಿದರೆ 0.136. ಅಂದರೆ ಒಂದು ಗ್ರಾಂ ಕಡಲೆಕಾಯಿ ಎಣ್ಣೆಗೆ 0.136 ಗ್ರಾಂ ಕಾಸ್ಟಿಕ್ ಸೋಡಾ. ಕೊಬ್ಬರಿ ಎಣ್ಣೆಯ ಬಾಲಗಳು ಗಿಡ್ಡ, ಅಣುತೂಕ ಸುಮಾರು 655. ಹಾಗಾಗಿ ಅದಕ್ಕೆ 0.183 ಗ್ರಾಂ ಬೇಕು. ಹರಳೆಣ್ಣೆಗೆ 0.128. ಒಂದು ಎಣ್ಣೆಯ ಬದಲು ಇನ್ನೊಂದು ಎಣ್ಣೆಯನ್ನು ‘ಎಲ್ಲ ಒಂದೇ’ ಎಂದು ಸುರಿದರೆ ಏನಾದೀತೆಂದು ಈ ಅಂಕಿಗಳೇ ಹೇಳುತ್ತವೆ. ಕಡಲೆಕಾಯಿ ಎಣ್ಣೆಗೆ ಕೊಬ್ಬರಿ ಎಣ್ಣೆಯ ಅಳತೆಯಲ್ಲಿ ಕ್ಷಾರ ಹಾಕಿದರೆ ಕಾಲು ಭಾಗ ಕ್ಷಾರ ಸೋಪಿನಲ್ಲೇ ಉಳಿದು ಮೈ ಸುಡುತ್ತದೆ.

ಮಾಡುವ ಬಗೆ

ಮೊದಲ ಬಾರಿಗೆ ಅರ್ಧ ಕಿಲೋ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ 250 ಗ್ರಾಂ, ಕಡಲೆಕಾಯಿ ಎಣ್ಣೆ 200 ಗ್ರಾಂ, ಹರಳೆಣ್ಣೆ 50 ಗ್ರಾಂ. ಮೇಲಿನ ಅಂಕಿಗಳಿಂದ ಗುಣಿಸಿ ಕೂಡಿದರೆ 79 ಗ್ರಾಂ ಚಿಲ್ಲರೆ ಬರುತ್ತದೆ. ಅದರಲ್ಲಿ ನೂರಕ್ಕೆ ಐದು ಭಾಗ ಕಡಿಮೆ ಮಾಡಿ 75 ಗ್ರಾಂ ಕಾಸ್ಟಿಕ್ ಸೋಡಾ ತೆಗೆದುಕೊಳ್ಳಿ. ಹೀಗೆ ಕಡಿಮೆ ಮಾಡುವುದರಿಂದ ಕೊಂಚ ಎಣ್ಣೆ ಉಳಿದು ಚರ್ಮಕ್ಕೆ ಮೃದುವಾಗುತ್ತದೆ. ತೂಕದ ಸಣ್ಣ ಏರುಪೇರಿಗೂ ಅವಕಾಶ ಸಿಗುತ್ತದೆ. ನೀರು 150 ಗ್ರಾಂ. ಎಲ್ಲವನ್ನೂ, ನೀರು ಮತ್ತು ಎಣ್ಣೆಯನ್ನೂ ಸಹ, ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯಲ್ಲೇ ತೂಗಬೇಕು. ಲೋಟ, ಚಮಚದ ಅಳತೆ ಇಲ್ಲಿ ಸಲ್ಲದು.

ಕಾಸ್ಟಿಕ್ ಸೋಡಾ ಶುದ್ಧವಾಗಿರಲಿ. ಸಿಂಕು ಕಟ್ಟಿಕೊಂಡಾಗ ಹಾಕುವ ಪುಡಿಗಳಲ್ಲಿ ಬೇರೆ ವಸ್ತುಗಳೂ ಬೆರೆತಿರುತ್ತವೆ, ಅವು ಬೇಡ. ಅಲ್ಯೂಮಿನಿಯಂ ಪಾತ್ರೆಯಂತೂ ಖಂಡಿತ ಬೇಡ. ಕ್ಷಾರ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಪಾತ್ರೆ ಒಳ್ಳೆಯದು. ಸೋಪಿಗೆ ಬಳಸಿದ ಪಾತ್ರೆ, ಚಮಚ ಮತ್ತೆ ಅಡುಗೆಗೆ ಮರಳಬಾರದು.

ಕಣ್ಣಿಗೆ ಮುಚ್ಚುಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಮೈಗೆ ತುಂಬುತೋಳಿನ ಅಂಗಿ, ಕಾಲಿಗೆ ಚಪ್ಪಲಿಯ ಬದಲು ಬೂಟು. ಕಿಟಕಿ ತೆರೆದಿರಲಿ. ತಣ್ಣೀರಿಗೆ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ ಕಲಕಿ. ನೀರನ್ನು ಸೋಡಾದ ಮೇಲೆ ಎಂದೂ ಸುರಿಯಬೇಡಿ. ಅದು ಉಕ್ಕಿ ಚಿಮ್ಮುತ್ತದೆ. ಒಲೆಯಿಲ್ಲದೆಯೇ ಆ ನೀರು ಕೈ ಸುಡುವಷ್ಟು ಕಾಯುತ್ತದೆ, ಕಟುವಾದ ಹಬೆಯೂ ಏಳುತ್ತದೆ. ಮುಖವನ್ನು ದೂರ ಇಟ್ಟುಕೊಂಡು, ಉಗುರುಬೆಚ್ಚಗಾಗುವವರೆಗೆ ಮಕ್ಕಳ ಕೈಗೆ ಸಿಗದ ಕಡೆ ಆರಲು ಬಿಡಿ.

ಎಣ್ಣೆಗಳನ್ನೂ ಉಗುರುಬೆಚ್ಚಗೆ ಮಾಡಿ ಒಟ್ಟಿಗೆ ಸೇರಿಸಿ. ಅದಕ್ಕೆ ಕ್ಷಾರದ ನೀರನ್ನು ನಿಧಾನವಾಗಿ ಸುರಿದು ಕಲಕಿ. ಹ್ಯಾಂಡ್ ಬ್ಲೆಂಡರ್ ಇದ್ದರೆ ಕೆಲವೇ ನಿಮಿಷ. ಕೈಯಲ್ಲಾದರೆ ತಾಳ್ಮೆ ಬೇಕು. ಮಿಶ್ರಣ ಮೊದಲು ಮಬ್ಬಾಗಿ, ಆಮೇಲೆ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಚಮಚದಿಂದ ಮೇಲೆ ಎಳೆ ಬಿಟ್ಟರೆ ಆ ಗೆರೆ ಕ್ಷಣಕಾಲ ಉಳಿಯಬೇಕು. ಪಾಕದ ಎಳೆ ನೋಡಿ ಗೊತ್ತಿರುವ ಅಜ್ಜಿಯರಿಗೆ ಈ ಹದ ಹೇಳಿಕೊಡಬೇಕಿಲ್ಲ! ಈ ಹಂತದಲ್ಲಿ ಒಂದು ಚಿಕ್ಕ ಚಮಚ ಅರಿಶಿನವನ್ನೋ, ಒಣಗಿದ ಬೇವಿನೆಲೆಯ ಪುಡಿಯನ್ನೋ ಸೇರಿಸಬಹುದು. ಹಸಿ ಹೂವಿನ ಎಸಳು ಕಪ್ಪಾಗುತ್ತದೆ, ಬೇಡ.

ಬಟರ್ ಪೇಪರ್ ಹಾಸಿದ ಮರದ ಪೆಟ್ಟಿಗೆಗೋ ಸಿಲಿಕೋನ್ ಅಚ್ಚಿಗೋ ಸುರಿದು ಒಂದೆರಡು ದಿನ ಬಿಡಿ. ಗಟ್ಟಿಯಾದ ಮೇಲೆ ಗ್ಲೌಸ್ ಹಾಕಿಯೇ ಬಿಲ್ಲೆ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ 4ರಿಂದ 6 ವಾರ ಒಣಗಿಸಿ. ಏಪ್ರಿಲ್ ರಜೆಯಲ್ಲಿ ಮಾಡಿದ ಸೋಪು ಶಾಲೆ ತೆರೆಯುವ ಹೊತ್ತಿಗೆ ಸಿದ್ಧ. ಬಳಸುವ ಮುನ್ನ ಒದ್ದೆ ಮಾಡಿ ಪಿಎಚ್ ಕಾಗದ ತಾಗಿಸಿ ನೋಡಿ. 9ರಿಂದ 10ರ ಆಸುಪಾಸು ಇರುವುದು ಸೋಪಿನ ಗುಣ. 11 ದಾಟಿದ್ದರೆ ಆ ಸೋಪು ಮೈಗೆ ಬೇಡ.

ಹೆತ್ತವರಿಗೆ ನಾಲ್ಕು ಮಾತು

ಚಿಕ್ಕ ಮಕ್ಕಳಿಗೆ ಈ ವಿಧಾನ ಖಂಡಿತ ಬೇಡ. ಅವರಿಗಾಗಿ ಸಿದ್ಧ ಸೋಪ್ ಬೇಸ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ದೊಡ್ಡವರು ಕರಗಿಸಿಕೊಟ್ಟರೆ, ಬಣ್ಣ ಪರಿಮಳ ಸೇರಿಸಿ ಅಚ್ಚಿಗೆ ಹಾಕುವ ಸಂತೋಷ ಮಕ್ಕಳದು. ಹೈಸ್ಕೂಲು, ಕಾಲೇಜಿನ ಮಕ್ಕಳು ಕ್ಷಾರದ ಕೆಲಸ ಕಲಿಯಬಹುದು. ಆದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು.

ಕಾಸ್ಟಿಕ್ ಸೋಡಾ ನೋಡಲು ಕಲ್ಲುಸಕ್ಕರೆಯ ಚೂರಿನಂತೆ, ಉಪ್ಪಿನಂತೆ ಇರುತ್ತದೆ. ಇದೇ ದೊಡ್ಡ ಅಪಾಯ. ತಿಂಡಿಯ ಡಬ್ಬಿಯಲ್ಲಾಗಲಿ, ನೀರಿನ ಬಾಟಲಿಯಲ್ಲಾಗಲಿ ಇದನ್ನು ಎಂದೂ ಇಡಬೇಡಿ. ಗಾಳಿಯಾಡದ, ಹೆಸರು ಬರೆದ ಡಬ್ಬಿಯಲ್ಲಿ, ಬೀಗದೊಳಗೆ ಇರಲಿ. ಚರ್ಮಕ್ಕೆ ತಾಗಿದರೆ ಕೂಡಲೇ ನಲ್ಲಿಯ ಕೆಳಗೆ ಹಿಡಿದು ಕನಿಷ್ಠ 15 ನಿಮಿಷ ತೊಳೆಯಿರಿ. ವಿನೆಗರ್, ನಿಂಬೆರಸ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ಅರ್ಧ ಗಂಟೆಯಷ್ಟು ಕಾಲ ನೀರು ಹರಿಸುತ್ತಾ ತೊಳೆದು ಆಸ್ಪತ್ರೆಗೆ ಓಡಿ. ಮಗು ನುಂಗಿದ್ದರೆ ವಾಂತಿ ಮಾಡಿಸಲೇಬಾರದು. ಹೋದ ದಾರಿಯಲ್ಲೇ ಮತ್ತೆ ಬಂದು ಎರಡನೇ ಬಾರಿ ಗಂಟಲನ್ನು ಸುಡುತ್ತದೆ. ಬಾಯಿ ತೊಳೆಸಿ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

‘ಕೆಮಿಕಲ್ ಇಲ್ಲದ ಸೋಪು’ ಎಂಬ ಮಾತನ್ನು ಈಗ ಎಲ್ಲೆಲ್ಲೂ ಕೇಳುತ್ತೇವೆ. ಕ್ಷಾರವಿಲ್ಲದೆ ಸೋಪಿಲ್ಲ. ಸರಿಯಾಗಿ ತೂಗಿದ್ದರೆ, ಒಣಗಿದ ಬಿಲ್ಲೆಯಲ್ಲಿ ಆ ಕ್ಷಾರ ಕ್ಷಾರವಾಗಿ ಉಳಿದಿರುವುದಿಲ್ಲ, ಅಷ್ಟೆ. ಮನೆಯ ಸೋಪು ಚರ್ಮರೋಗ ಗುಣಪಡಿಸುತ್ತದೆ ಎಂಬುದನ್ನೂ ನಂಬಬೇಡಿ. ನೆಂಟರಿಷ್ಟರಿಗೆ ಕೊಡುವುದು ಬೇರೆ, ಮಾರುವುದು ಬೇರೆ. ಮಾರಲು ತಯಾರಿಸುವುದಾದರೆ ಸರ್ಕಾರದ ಪರವಾನಗಿ ಬೇಕಾಗುತ್ತದೆ.

ಸೋಪು ಸಿದ್ಧವಾದ ಮೇಲೆ ಮಕ್ಕಳಿಗೊಂದು ಪ್ರಯೋಗ ಉಳಿದಿದೆ. ಒಂದು ಬಾಟಲಿಗೆ ಮಳೆನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು ತುಂಬಿ, ಎರಡಕ್ಕೂ ಒಂದೇ ತೂಕದ ಸೋಪಿನ ಚೂರು ಹಾಕಿ ಕುಲುಕಲಿ. ಒಂದರಲ್ಲಿ ನೊರೆ ಉಕ್ಕುತ್ತದೆ. ಗಡಸು ನೀರಿದ್ದರೆ ಇನ್ನೊಂದರಲ್ಲಿ ಬಿಳಿಯ ಗಷ್ಟು ತೇಲುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಮಾಡುವ ಕೆಲಸವದು. ಬಯಲುಸೀಮೆಯ ಮನೆಗಳಲ್ಲಿ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪಟ್ಟಿ ಎಲ್ಲಿಂದ ಬಂತೆಂಬುದಕ್ಕೆ ಆಗ ಅವರೇ ಉತ್ತರ ಹೇಳುತ್ತಾರೆ.

ಪರೀಕ್ಷೆಯಲ್ಲಿ ಸಾಬೂನೀಕರಣದ ಸಮೀಕರಣ ಬರೆದು ಎರಡು ಅಂಕ ಪಡೆಯುವ ಮಕ್ಕಳು ಸಾವಿರಾರು. ಒಂದು ಗ್ರಾಂ ಹೆಚ್ಚುಕಡಿಮೆಯಾದರೆ ಏನಾಗುತ್ತದೆಂದು ತಕ್ಕಡಿಯ ಮುಂದೆ ನಿಂತು ಯೋಚಿಸಿದ ಮಗುವಿಗೆ ಆ ಸಮೀಕರಣ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಮುಂದಿನ ರಜೆಗೆ ಒಂದು ತಕ್ಕಡಿ ತನ್ನಿ. ಸೋಡಾದ ಡಬ್ಬಿಯ ಬೀಗದ ಕೈ ಮಾತ್ರ ನಿಮ್ಮ ಬಳಿಯೇ ಇರಲಿ.